ಶಾಲೆಯ ಗ್ರಂಥಾಲಯಕ್ಕೆ ಮೊದಲು ಗ್ರಂಥಪಾಲಕರನ್ನು ಕೊಡಿ

ನಮಸ್ಕಾರ. ನಮ್ಮ ಶಾಲೆಯ ಗ್ರಂಥಾಲಯವನ್ನು ಆಧುನಿಕಗೊಳಿಸಿದ್ದೇವೆ ಎಂದು ಯಾರಾದರೂ ಹೇಳಿದರೆ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಕಪಾಟುಗಳ ಬೀಗ ತೆಗೆದಿದ್ದೀರಾ? ಪೂರ್ಣಾವಧಿಯ ಗ್ರಂಥಪಾಲಕರು ಇದ್ದಾರೆಯೇ? ಹೊಸ ಮೇಜು, ಬಣ್ಣದ ಕುರ್ಚಿ, ಸಾಲು ಕಂಪ್ಯೂಟರುಗಳ ವಿಷಯವನ್ನು ಆಮೇಲೆ ಮಾತನಾಡೋಣ.

ಬೀಗ ತೆಗೆದ ಕಪಾಟಿನಿಂದ ಮಗುವಿಗೆ ಸಿಗುವುದೇನು, ನೋಡಿ. ಐದನೆಯ ತರಗತಿಯ ಹುಡುಗಿಯೊಬ್ಬಳಿಗೆ ಜೇಡದ ಬಗ್ಗೆ ತಿಳಿದುಕೊಳ್ಳಬೇಕಾಗಿದೆ ಎನ್ನೋಣ. ಗ್ರಂಥಾಲಯದ ಕಂಪ್ಯೂಟರಿನಲ್ಲಿ ‘ಜೇಡ’ ಎಂದು ಹುಡುಕುತ್ತಾಳೆ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕಗಳನ್ನು ಜೋಡಿಸುವ ಡ್ಯೂಯಿ ದಶಾಂಶ ವರ್ಗೀಕರಣ ಬಳಸುವ ಕಡೆಯಲ್ಲಿ 595.4ರಿಂದ ಶುರುವಾಗುವ ಸಂಖ್ಯೆ ಬರುತ್ತದೆ. ಪುಸ್ತಕ ಒಳಗಿದೆಯೋ, ಬೇರೆಯವರು ಒಯ್ದಿದ್ದಾರೋ ಎಂಬುದೂ ಅಲ್ಲೇ ಕಾಣುತ್ತದೆ. ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು, ಪುಸ್ತಕಗಳ ಬೆನ್ನಿನ ಮೇಲಿರುವ ಅಂಕಿಗಳನ್ನು ಓದುತ್ತಾ ಹೋಗುತ್ತಾಳೆ. ಜೇಡದ ಪುಸ್ತಕ ಸಿಕ್ಕ ಕಪಾಟಿನಲ್ಲೇ ತುಸು ಮುಂದೆ 595.7, ಅಂದರೆ ಕೀಟಗಳು. ಇನ್ನೂ ಮುಂದೆ 598, ಹಕ್ಕಿಗಳು. ಜೇಡವೂ ಒಂದು ಕೀಟವೆಂದು ಅಂದುಕೊಂಡಿದ್ದವಳಿಗೆ ಎರಡಕ್ಕೂ ಬೇರೆ ಬೇರೆ ಜಾಗ ಏಕೆ ಎಂಬ ಪ್ರಶ್ನೆ ಅಲ್ಲೇ ಹುಟ್ಟುತ್ತದೆ. ಆಗ ಜೇಡಕ್ಕೆ ಎಂಟು ಕಾಲು, ಕೀಟಕ್ಕೆ ಆರು ಕಾಲು ಎಂಬ ಲೆಕ್ಕ ತಾನಾಗಿ ಬರುತ್ತದೆ. ಮೆಲ್ವಿಲ್ ಡ್ಯೂಯಿ ಈ ಪದ್ಧತಿಯನ್ನು ಪ್ರಕಟಿಸಿದ್ದು 1876ರಲ್ಲಿ. ಇಷ್ಟು ಹಳೆಯ ಏರ್ಪಾಡು ಇಂದಿಗೂ ಮಕ್ಕಳಲ್ಲಿ ಕುತೂಹಲ ಕೆರಳಿಸುತ್ತಿದೆ. ಆದರೆ ಪುಸ್ತಕಗಳು ಗಾಜಿನ ಬಾಗಿಲ ಹಿಂದಿದ್ದು, ಹೆಸರು ಹೇಳಿ ಕೇಳಿದವರಿಗೆ ಮಾತ್ರ ಕೊಡುವುದಾದರೆ ಆ ಹುಡುಗಿ ಹಕ್ಕಿಗಳವರೆಗೆ ಹೋಗುವುದಾದರೂ ಹೇಗೆ?

ತಂತ್ರಜ್ಞಾನ ಬೇಡವೆಂದು ನಾನು ಹೇಳುವುದಿಲ್ಲ. ಬಾರ್‌ಕೋಡ್ ಇದ್ದರೆ ದಪ್ಪ ದಾಖಲೆ ಪುಸ್ತಕದಲ್ಲಿ ಬರೆಯುವ ಶ್ರಮ ತಪ್ಪುತ್ತದೆ, ಆ ಹೊತ್ತು ಮಕ್ಕಳ ಜೊತೆ ಮಾತಿಗೆ ಉಳಿಯುತ್ತದೆ. ಅದಕ್ಕಿಂತ ದೊಡ್ಡ ಲಾಭ ಕಣ್ಣು ಕಾಣದ ಮಕ್ಕಳಿಗೆ, ಅಕ್ಷರ ಗುರುತಿಸಲು ಕಷ್ಟಪಡುವ ಮಕ್ಕಳಿಗೆ. ಡೈಸಿ ಮಾದರಿಯ ಧ್ವನಿ ಪುಸ್ತಕದಲ್ಲಿ ಅಧ್ಯಾಯದಿಂದ ಅಧ್ಯಾಯಕ್ಕೆ, ಪುಟದಿಂದ ಪುಟಕ್ಕೆ ಜಿಗಿಯಬಹುದು. ಇಂಥ ಪ್ರತಿಗಳನ್ನು ಹಕ್ಕುಸ್ವಾಮ್ಯದ ಅಡ್ಡಿಯಿಲ್ಲದೆ ಸಿದ್ಧಪಡಿಸಲು, ದೇಶದಿಂದ ದೇಶಕ್ಕೆ ಕಳುಹಿಸಲು ದಾರಿ ಮಾಡಿಕೊಟ್ಟದ್ದು 2013ರ ಮರಕೇಶ್ ಒಪ್ಪಂದ. ಸಹಪಾಠಿಗಳು ಓದುತ್ತಿರುವ ಕತೆಯನ್ನೇ ಅದೇ ವಾರ ತಾನೂ ಕೇಳಿ ಮುಗಿಸುವುದು ಆ ಮಗುವಿಗೆ ಎಷ್ಟು ದೊಡ್ಡ ಸಂಗತಿ ಎಂಬುದನ್ನು ಯೋಚಿಸಿ.

ಇಷ್ಟೆಲ್ಲ ನಡೆಯಬೇಕಾದರೆ ಅದನ್ನು ನಡೆಸುವ ಮನುಷ್ಯರು ಬೇಕು. ಪ್ಲೂಟೊವನ್ನು ಗ್ರಹಗಳ ಪಟ್ಟಿಯಿಂದ ಕೈಬಿಟ್ಟದ್ದು 2006ರಲ್ಲಿ. ಒಂಬತ್ತು ಗ್ರಹಗಳೆಂದು ಹೇಳುವ ಪುಸ್ತಕ ನಿಮ್ಮ ಶಾಲೆಯ ಕಪಾಟಿನಲ್ಲಿ ಇನ್ನೂ ಇದ್ದರೆ ಅದನ್ನು ಹುಡುಕಿ ತೆಗೆಯುವವರು ಯಾರು? ಅನೇಕ ಇ-ಪುಸ್ತಕಗಳು ಗ್ರಂಥಾಲಯದ ಸ್ವಂತವಾಗುವುದಿಲ್ಲ. ಅವಧಿ ಮುಗಿದೊಡನೆ ಪರವಾನಗಿಯೂ ಮುಗಿಯುತ್ತದೆ. ಆ ಷರತ್ತನ್ನು ಓದಿ ಸಹಿ ಹಾಕುವವರು ಯಾರು? ಅಂತರ್ಜಾಲದಲ್ಲಿ ಸಿಕ್ಕ ಮಾಹಿತಿಯನ್ನು ಬರೆದವರು ಯಾರು, ಯಾವಾಗ ಬರೆದರು, ಬೇರೆ ಕಡೆಯೂ ಹಾಗೇ ಇದೆಯೇ ಎಂದು ನೋಡುವ ಅಭ್ಯಾಸವನ್ನು ಮಕ್ಕಳ ಪಕ್ಕದಲ್ಲಿ ಕುಳಿತು ಕಲಿಸುವವರು ಯಾರು? ಬಿಡುವಿದ್ದಾಗ ಬಂದು ಬಾಗಿಲು ತೆಗೆಯುವ ಗಣಿತದ ಮೇಷ್ಟರ ಮೇಲೆ ಇದನ್ನೆಲ್ಲ ಹೇರುವುದು ಅನ್ಯಾಯ. ಶಾಲಾ ಗ್ರಂಥಾಲಯಗಳ ಕುರಿತು ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಲಾ ಮತ್ತು ಯುನೆಸ್ಕೊ 1999ರಲ್ಲಿ ಹೊರಡಿಸಿದ ಪ್ರಣಾಳಿಕೆ ಕೂಡ ಈ ಹೊಣೆಯನ್ನು ವೃತ್ತಿಪರ ತರಬೇತಿ ಪಡೆದ ಗ್ರಂಥಪಾಲಕರಿಗೇ ಒಪ್ಪಿಸುತ್ತದೆ.

ಪುಸ್ತಕಗಳು ಇರುವುದು ಬಳಕೆಗೆ ಎಂಬುದು 1931ರಲ್ಲಿ ಭಾರತದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ ಮುಂದಿಟ್ಟ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದು. ಆದ್ದರಿಂದ ಪೋಷಕರಿಗೆ ನನ್ನ ಕೋರಿಕೆ ಇಷ್ಟೇ: ಮುಂದಿನ ಸಭೆಯಲ್ಲಿ ಗ್ರಂಥಾಲಯಕ್ಕೆ ಎಷ್ಟು ಖರ್ಚಾಯಿತು ಎಂದು ಕೇಳುವಾಗ, ಕಳೆದ ತಿಂಗಳು ಎಷ್ಟು ಪುಸ್ತಕಗಳು ಮಕ್ಕಳ ಚೀಲದಲ್ಲಿ ಮನೆಗೆ ಹೋದವು ಎಂಬುದನ್ನೂ ಕೇಳಿ. ಗ್ರಂಥಪಾಲಕರ ಹುದ್ದೆ ಖಾಲಿ ಇದ್ದರೆ, ಹೊಸ ಕಂಪ್ಯೂಟರುಗಳಿಗೆ ತೆಗೆದಿಟ್ಟ ಹಣಕ್ಕಿಂತ ಮೊದಲು ಅದನ್ನು ತುಂಬಿಸಲು ಒತ್ತಾಯಿಸಿ.