ಎಲ್ಲರೆದುರು ಕೂಗಿ ಹೇಳಿಯೂ ಗುಟ್ಟು ಉಳಿಸಿಕೊಳ್ಳುವುದು ಹೇಗೆ?

ನಮಸ್ಕಾರ. ವೀಕ್ಷಕರೊಬ್ಬರ ಪ್ರಶ್ನೆ: ಸಂದೇಶಕ್ಕೆ ಬೀಗ ಹಾಕಿದಿರಿ, ಸರಿ, ಅದರ ಕೀಲಿಯನ್ನು ಆಚೆಯವರಿಗೆ ತಲುಪಿಸುವುದು ಹೇಗೆ? ಅದೇ ಜಾಲದಲ್ಲಿ ಕಳುಹಿಸಿದರೆ ಕದ್ದು ಕೇಳುವವರಿಗೂ ಸಿಕ್ಕಿಬಿಡುತ್ತದಲ್ಲ?

ಈ ಬೀಗ ಹಾಕುವುದಕ್ಕೇ ಎನ್‌ಕ್ರಿಪ್ಷನ್ ಎನ್ನುತ್ತಾರೆ: ಕೀಲಿ ಇದ್ದವರಿಗೆ ಮಾತ್ರ ಅರ್ಥವಾಗುವಂತೆ ಸಂದೇಶವನ್ನು ಬದಲಿಸುವುದು. ಅಷ್ಟು ಹೇಳಿ ಮುಂದೆ ಓಡುತ್ತೇನೆ. 1976ರಲ್ಲಿ ಅಮೆರಿಕದ ಗೂಢಲಿಪಿ ತಜ್ಞರಾದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಕೊಟ್ಟ ಉತ್ತರ ವಿಚಿತ್ರವಾಗಿತ್ತು: ಕೀಲಿಯನ್ನು ಕಳುಹಿಸುವುದೇ ಬೇಡ, ಇಬ್ಬರೂ ಅವರವರಲ್ಲೇ ಮಾಡಿಕೊಳ್ಳಲಿ.

ಇದನ್ನು ವಿವರಿಸಲು ಎಲ್ಲರೂ ಬಣ್ಣ ಬೆರೆಸುವ ಹೋಲಿಕೆ ಕೊಡುತ್ತಾರೆ. ನಾವು ಲೆಕ್ಕವನ್ನೇ ಮಾಡೋಣ, ಅದರ ರುಚಿಯೇ ಬೇರೆ.

[ತೆರೆಯ ಮೇಲೆ: 23, 5]

ಕೀಲಿ ಬೇಕಾದ ಇಬ್ಬರು, ಉದಾಹರಣೆಗಾಗಿ ಆಲಿಸ್ ಮತ್ತು ಬಾಬ್. ಈ ಶಾಸ್ತ್ರದಲ್ಲಿ ಇವರಿಬ್ಬರನ್ನು ಬಿಟ್ಟರೆ ಜನಸಂಖ್ಯೆಯೇ ಕಡಿಮೆ. 23 ಮತ್ತು 5 ಎಲ್ಲರಿಗೂ ಗೊತ್ತಿರುವ ಸಂಖ್ಯೆಗಳು. ಆಲಿಸ್ ಮನಸ್ಸಿನಲ್ಲಿ 6 ಎಂದುಕೊಳ್ಳುತ್ತಾಳೆ. 5ರ 6ನೆಯ ಘಾತ, ಅಂದರೆ ಆರು 5ಗಳ ಗುಣಲಬ್ಧ, 15,625. ಅದನ್ನು 23ರಿಂದ ಭಾಗಿಸಿದರೆ ಶೇಷ 8. ಈ 8ನ್ನು ಕೂಗಿ ಹೇಳುತ್ತಾಳೆ. ಬಾಬ್‌ನ ಗುಟ್ಟು 15, ಅವನಿಗೆ ಬರುವ ಶೇಷ 19. ಅವನೂ ಕೂಗುತ್ತಾನೆ. ಈಗ ಆಲಿಸ್ 19ರ 6ನೆಯ ಘಾತದ ಶೇಷ ತೆಗೆಯುತ್ತಾಳೆ: 2. ಬಾಬ್ 8ರ 15ನೆಯ ಘಾತದ ಶೇಷ ತೆಗೆಯುತ್ತಾನೆ: ಅದೂ 2! ಈ 2 ಅವರಿಬ್ಬರ ಕೀಲಿ, ಅದನ್ನು ಯಾರೂ ಕೂಗಲೇ ಇಲ್ಲ.

ಮಾಯವಲ್ಲ. ಇಬ್ಬರೂ ಬಳಸುದಾರಿಯಲ್ಲಿ 5ರ 90ನೆಯ ಘಾತವನ್ನೇ ತಲುಪಿದ್ದಾರೆ. ಆರು ಹದಿನೈದಲಿ ತೊಂಬತ್ತು, ಹದಿನೈದು ಆರಲಿಯೂ ತೊಂಬತ್ತು. ಕದ್ದು ಕೇಳುವ ಈವ್‌ಳ ಪಾಡು ನೋಡಿ. ಕೇಳಿಸಿದ 8 ಮತ್ತು 19ನ್ನು ಗುಣಿಸಿದರೆ ಘಾತಗಳು ಕೂಡಿಕೊಳ್ಳುತ್ತವೆ: 6 ಮತ್ತು 15 ಸೇರಿ 21. ಬೇಕಾದದ್ದು 90. ನನಗೆ ಈ ಇಡೀ ಶಾಸ್ತ್ರದಲ್ಲಿ ಅತಿ ಪ್ರಿಯವಾದದ್ದು ಈವ್ ಮುಗ್ಗರಿಸುವ ಈ ಜಾಗವೇ.

23 ಆದರೆ ಎಲ್ಲ ಘಾತಗಳನ್ನೂ ಒಂದೊಂದಾಗಿ ನೋಡಿ ಅವಳು ಗುಟ್ಟು ಹಿಡಿಯಬಹುದು. ನಿಜವಾದ ಬಳಕೆಯಲ್ಲಿ 23ರ ಜಾಗದಲ್ಲಿ 2048 ಬಿಟ್‌ಗಳ, ಅಂದರೆ 600ಕ್ಕೂ ಹೆಚ್ಚು ಅಂಕಿಗಳ ಅವಿಭಾಜ್ಯ ಸಂಖ್ಯೆ ಇರುತ್ತದೆ, ಒಂದೊಂದಾಗಿ ನೋಡಿ ಮುಗಿಯದು.

ಒಂದು ಹರಟೆ: ಬ್ರಿಟನ್ನಿನ ಬೇಹುಗಾರಿಕೆ ಸಂಸ್ಥೆ ಜಿಸಿಎಚ್‌ಕ್ಯೂನಲ್ಲಿ ಮಾಲ್ಕಮ್ ವಿಲಿಯಮ್‌ಸನ್ ಇದನ್ನು ಡಿಫಿ, ಹೆಲ್ಮನ್‌ಗಿಂತ ಮೊದಲೇ ಕಂಡುಕೊಂಡಿದ್ದರು. ಸಂಸ್ಥೆ ಬಾಯಿ ಬಿಟ್ಟದ್ದು 1997ರಲ್ಲಿ. ಗುಟ್ಟು ಕಾಯುವ ವಿದ್ಯೆಯನ್ನೇ ಗುಟ್ಟಾಗಿಟ್ಟು ಕೀರ್ತಿ ಕಳೆದುಕೊಂಡರು!

ಸಮಯ ಮುಗಿಯುತ್ತಿದೆ, ಉಳಿದದ್ದು ಒಂದೇ ಉಸಿರಿಗೆ. ಈವ್ ಸುಮ್ಮನೆ ಕೇಳದೆ ನಡುವೆ ನಿಂತು, ಆಲಿಸ್‌ಗೆ ಬಾಬ್‌ನಂತೆ, ಬಾಬ್‌ಗೆ ಆಲಿಸ್‌ಳಂತೆ ನಟಿಸಿದರೆ ಈ ಲೆಕ್ಕವೊಂದೇ ಸಾಲದು. ಅದಕ್ಕೇ ಆಚೆಯವರು ಯಾರೆಂದು ಖಾತ್ರಿಪಡಿಸುವ ಡಿಜಿಟಲ್ ಸಹಿ, ಪ್ರಮಾಣಪತ್ರಗಳು. ಜಾಲತಾಣದ ಪ್ರಮಾಣಪತ್ರ ಹೇಳುವುದು ನೀವು ತಲುಪಿದ್ದು ಆ ವಿಳಾಸಕ್ಕೇ ಎಂದು ಮಾತ್ರ. ವಿಳಾಸದವರು ಸಾಚಾ ಎಂದಲ್ಲ, ವಂಚಕರಿಗೂ ಅದು ಸಿಗುತ್ತದೆ. ಇನ್ನು ಕ್ವಾಂಟಮ್, ಅಂದರೆ ಪರಮಾಣು ಮಟ್ಟದ ಭೌತನಿಯಮಗಳನ್ನು ಬಳಸಿ ಲೆಕ್ಕ ಮಾಡುವ ಕಂಪ್ಯೂಟರ್: ಗಣಿತಜ್ಞ ಪೀಟರ್ ಶೋರ್ 1994ರಲ್ಲಿ ತೋರಿಸಿದ ವಿಧಾನ, ಸಾಕಷ್ಟು ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಬಂದರೆ, ಶೇಷದಿಂದ ಘಾತ ಹುಡುಕುವ ಈ ಒಗಟನ್ನು ಬಿಡಿಸಿಬಿಡುತ್ತದೆ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2024ರಲ್ಲಿ ಬದಲಿ ಮಾನದಂಡಗಳನ್ನು ಪ್ರಕಟಿಸಿದೆ. ಅದಕ್ಕೆ ಬೇರೆ ಗಣಿತ, ಬೇರೆ ವಿಡಿಯೋ.