ರೋಗಿಗಳಿಗೆ ಸಂಶೋಧನೆ ಕಲಿಸಿ

ಕೇಳುಗರೆಲ್ಲರಿಗೂ ನಮಸ್ಕಾರ. ಆಶಾ ಕಾರ್ಯಕರ್ತೆಯರು, ಸ್ತ್ರೀಶಕ್ತಿ ಸಂಘದ ಅಕ್ಕಂದಿರು, ದಿನಾ ಬಿಪಿ, ಶುಗರ್ ಮಾತ್ರೆ ನುಂಗುವವರು, ನೀವೆಲ್ಲ ಸ್ವಲ್ಪ ಹತ್ತಿರ ಬಂದು ಕೇಳಿ.

ಊರಿಗೆ ಯಾರೋ ಸರ್ವೆಗೆ ಬರುತ್ತಾರೆ. ರಾಶಿ ಪ್ರಶ್ನೆ ಕೇಳುತ್ತಾರೆ, ರಕ್ತ ತೆಗೆಯುತ್ತಾರೆ, ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಆಮೇಲೆ ಏನಾಯಿತು ಅಂತ ನಿಮಗೆ ಹೇಳುವವರೇ ಇಲ್ಲ, ಅಲ್ವಾ? ನನ್ನದು ಒಂದೇ ಮಾತು. ಸಂಶೋಧನೆ ಹೇಗೆ ನಡೆಯುತ್ತದೆ ಅಂತ ರೋಗಿಗಳಿಗೆ ಕಲಿಸಿ. ಕಲಿಸಿ, ಜೊತೆಗೆ ಕೂರಿಸಿಕೊಳ್ಳಿ.

"ಅವರಿಗೆ ಅದೆಲ್ಲ ಅರ್ಥವಾಗುತ್ತದಾ?" ಅಂತ ಡಾಕ್ಟರುಗಳೇ ಕೇಳುತ್ತಾರೆ. ಆಗೆಲ್ಲ ನಾನು ನ್ಯೂಯಾರ್ಕಿನ ಕಥೆ ಹೇಳುತ್ತೇನೆ.

1987ನೇ ಇಸವಿ. ಏಡ್ಸ್ ಬಂದವರು ಸಾಲುಸಾಲಾಗಿ ಸಾಯುತ್ತಿದ್ದರು. ಒಪ್ಪಿಗೆ ಸಿಕ್ಕಿದ್ದ ಔಷಧಿ ಎಜೆಡ್‌ಟಿ ಒಂದೇ. ಆಕ್ಟ್ ಅಪ್ ಎಂಬ ಸಂಘಟನೆಯವರು ಬೀದಿಗಿಳಿದು, ಬೇಗ ಔಷಧಿ ಕೊಡಿ ಅಂತ ಕೂಗುತ್ತಿದ್ದರು. ಅವರ ಸಭೆಗೆ ಐರಿಸ್ ಲಾಂಗ್ ಎಂಬ ಮಹಿಳೆ ಬಂದರು. ಔಷಧಿ ಸಂಶೋಧನೆಯಲ್ಲಿ ವರ್ಷಗಟ್ಟಲೆ ದುಡಿದಿದ್ದ ರಸಾಯನಶಾಸ್ತ್ರಜ್ಞೆ. ಔಷಧಿಯನ್ನು ಹೇಗೆ ಪರೀಕ್ಷಿಸುತ್ತಾರೆ, ಒಪ್ಪಿಗೆ ಯಾರು ಕೊಡುತ್ತಾರೆ ಅನ್ನುವುದೇ ಇಲ್ಲಿ ಯಾರಿಗೂ ಗೊತ್ತಿಲ್ಲ ಅಂತ ಅವರಿಗೆ ಅನ್ನಿಸಿತು. ಪಾಠ ಶುರುಮಾಡಿಯೇಬಿಟ್ಟರು.

ಕಲಿಯಲು ಕೂತವರಲ್ಲಿ ಮಾರ್ಕ್ ಹ್ಯಾರಿಂಗ್ಟನ್ ಎಂಬ ಯುವಕ ಒಬ್ಬರು. ಅವರೇನೂ ವಿಜ್ಞಾನ ಓದಿದವರಲ್ಲ. ಕಷ್ಟದ ಪದಗಳಿಗೆಲ್ಲ ಅರ್ಥ ಹುಡುಕಿ, ಪಟ್ಟಿ ಮಾಡಿ ಗೆಳೆಯರಿಗೆ ಕೊಟ್ಟರು.

ಕಲಿತ ಮೇಲೆ ಅವರ ಪ್ರಶ್ನೆಗಳೇ ಬದಲಾದವು. ಹೊಸ ಔಷಧಿಯ ಪರೀಕ್ಷೆಗೆ ಸೇರಿದವರು ಬೇರೆ ಔಷಧಿ ಮುಟ್ಟಬಾರದು ಅನ್ನುತ್ತೀರಲ್ಲ, ನ್ಯುಮೋನಿಯಾ ತಡೆಯುವ ಔಷಧಿಯನ್ನೂ ಬಿಟ್ಟರೆ ನಾವು ಬದುಕುವುದು ಹೇಗೆ? ಹೆಂಗಸರನ್ನು ಯಾಕೆ ಸೇರಿಸಿಕೊಂಡಿಲ್ಲ? 1989ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದ ಏಡ್ಸ್ ಸಮ್ಮೇಳನಕ್ಕೆ ಹೋಗುವಾಗ ಯಾವ ಯಾವ ಸಂಶೋಧನೆ ಆಗಬೇಕು ಅಂತ ತಾವೇ ಬರೆದುಕೊಂಡು ಹೋದರು. ಮರುವರ್ಷ ಅಮೆರಿಕ ಸರ್ಕಾರದ ಏಡ್ಸ್ ಔಷಧಿ ಪರೀಕ್ಷೆಯ ಸಮಿತಿಗಳಲ್ಲಿ ರೋಗಿಗಳಿಗೆ ಜಾಗ ಸಿಕ್ಕಿತು. ಈಗ ಹೇಳಿ, ಅರ್ಥವಾಗುತ್ತದೋ ಇಲ್ಲವೋ?

ಕಥೆಯಲ್ಲೇ ಹೊತ್ತು ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಸಂಧಿವಾತದ ಔಷಧಿ ಪರೀಕ್ಷೆಗಳಲ್ಲಿ ಡಾಕ್ಟರುಗಳು ಊದಿದ ಕೀಲುಗಳನ್ನು ಎಣಿಸುತ್ತಿದ್ದರು. 2002ರಲ್ಲಿ ಆಸ್ಟ್ರೇಲಿಯಾದ ಒಂದು ಸಭೆಗೆ ರೋಗಿಗಳನ್ನೂ ಕರೆದಾಗ, ನಮ್ಮನ್ನು ಕೊಲ್ಲುತ್ತಿರುವುದು ಸುಸ್ತು, ಅದನ್ನು ಯಾಕೆ ಅಳೆಯುವುದಿಲ್ಲ ಅಂತ ಕೇಳಿದರು. ಕೆಲವೇ ವರ್ಷಗಳಲ್ಲಿ ಸುಸ್ತನ್ನೂ ಅಳೆಯಬೇಕು ಅಂತ ತೀರ್ಮಾನವಾಯಿತು. ನಮ್ಮ ಮೈಸೂರಿನಲ್ಲೇ ಆಶೋದಯ ಸಮಿತಿಯ ಲೈಂಗಿಕ ಕಾರ್ಯಕರ್ತೆಯರು ಎಚ್‌ಐವಿ ತಡೆಯುವ ಮಾತ್ರೆಯ ಅಧ್ಯಯನವನ್ನು ಮುಂದೆ ನಿಂತು ನಡೆಸಿದ್ದಾರೆ.

ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನಿಯಮದ ಪ್ರಕಾರ, ಸಂಶೋಧನೆ ನ್ಯಾಯವಾಗಿದೆಯೇ ಅಂತ ನೋಡುವ ಎಥಿಕ್ಸ್ ಕಮಿಟಿಯಲ್ಲಿ ಒಬ್ಬ ಜನಸಾಮಾನ್ಯರು ಇರಲೇಬೇಕು. ಸರಿ, ಆದರೆ ಸುಮ್ನೆ ಕುರ್ಚಿ ಕೊಟ್ಟರೆ ಸಾಲದು. ಕಲಿಸಬೇಕು.

ಮುಂದಿನ ಸಲ ಸರ್ವೆಯವರು ಬಂದರೆ ಸಹಿ ಹಾಕುವ ಮೊದಲು ಕೇಳಿ. ಈ ಪ್ರಶ್ನೆಗಳನ್ನು ಯಾರು ಆರಿಸಿದರು? ಫಲಿತಾಂಶ ನಮಗೆ ಯಾವಾಗ ಹೇಳುತ್ತೀರಿ? ನಮ್ಮೂರಿನ ಇಬ್ಬರಿಗೆ ಈ ಕೆಲಸ ಕಲಿಸುತ್ತೀರಾ? ಹೂಂ ಅಂದರೆ, ಆ ಇಬ್ಬರಲ್ಲಿ ಒಬ್ಬರು ನೀವೇ ಆಗಿ. ನಮಸ್ಕಾರ.