ಮೂಳೆ ಇರಬಾರದ ಕಡೆ ಮೂಳೆ

ನಮಸ್ಕಾರ ಕೇಳುಗರೇ. ಅಡಿಕೆ ಮರದಿಂದ ಬಿದ್ದೋ ಬೈಕ್ ಆಕ್ಸಿಡೆಂಟಲ್ಲೋ ಬೆನ್ನುಹುರಿಗೆ ಏಟಾಗಿ ಕಾಲು ಸ್ವಾಧೀನ ಇಲ್ದೆ ಮಲಗಿರೋರು ಮನೇಲಿದ್ರೆ ಇವತ್ತಿನ ಮಾತು ನಿಮಗೇ. ಆಪರೇಷನ್ ಮುಗಿಸಿ, ಡಿಸ್ಚಾರ್ಜ್ ಮಾಡಿಸ್ಕೊಂಡು ಉಸ್ಸಪ್ಪಾ ಅಂತ ಮನೆಗೆ ಬಂದಿರ್ತೀರ, ಒಂದಿನ ಮೈ ಒರೆಸೋವಾಗ ನೋಡಿದ್ರೆ ಒಂದು ತೊಡೆಯ ಮೇಲ್ಭಾಗ ಊದಿದೆ, ಮುಟ್ಟಿದ್ರೆ ಬಿಸಿ, ಸಣ್ಣಗೆ ಜ್ವರ ಬೇರೆ, ಆರಾಮಾಗಿ ಮಡಚ್ತಿದ್ದ ಕಾಲು ಈಗ ಅರ್ಧಕ್ಕೇ ನಿಲ್ಲುತ್ತೆ. ಅಲ್ಲಿ ಸ್ಪರ್ಶವೇ ಇಲ್ದಿದ್ರೆ ಪಾಪ ಅವರಿಗೆ ನೋವು ಅಂತ ಹೇಳೋಕೂ ಆಗಲ್ಲ.

ಆಗ ನಾವು ಮಾಡೋದೇನು? ಎಣ್ಣೆ ಕಾಸಿ ಜೋರಾಗಿ ನೀವೋದು, ಬಿಗಿ ಬಿಡ್ಲಿ ಅಂತ ಕಾಲನ್ನ ಬಲವಂತವಾಗಿ ಮಡಚೋದು. ದಯವಿಟ್ಟು ಬೇಡ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ರೂ ಕಾಲು ಹೀಗೇ ಊದುತ್ತೆ, ಆಗ ಕಾಲು ತಿಕ್ಕಿದ್ರೆ ಜೀವಕ್ಕೇ ಅಪಾಯ, ಅದಕ್ಕೇ ಮೊದಲು ಡಾಪ್ಲರ್, ಅಂದ್ರೆ ರಕ್ತ ಹೇಗೆ ಹರೀತಿದೆ ಅಂತ ನೋಡೋ ಸ್ಕ್ಯಾನ್, ಮಾಡಿಸ್ತಾರೆ. ಅದೂ ಅಲ್ಲ, ಸೋಂಕೂ ಅಲ್ಲ ಅಂದ್ರೆ ಕೀಲಿನ ಸುತ್ತ ಮಾಂಸಖಂಡದ ನಡುವೆ ಹೊಸ ಮೂಳೆ ಬೆಳೀತಿರಬಹುದು. ಡಾಕ್ಟ್ರು ಹೆಟೆರೋಟೋಪಿಕ್ ಆಸಿಫಿಕೇಶನ್ ಅಂತಾರೆ, ನಾವು ಎಚ್‌ಒ ಅಂದ್ರೆ ಸಾಕು. ಸುಮ್ನೆ ಸುಣ್ಣದಂಶ ಕೂತಿರೋದಲ್ಲ ಅದು, ಬಲಿತ ಮೇಲೆ ಒಳಗೆ ಮಜ್ಜೆ ಕೂಡ ಇರೋ ನಿಜವಾದ ಮೂಳೆ. ಹೆಚ್ಚಾಗಿ ಸೊಂಟದ ಕೀಲಲ್ಲಿ, ಆಮೇಲೆ ಮಂಡೀಲಿ, ಬೆನ್ನುಹುರಿಗೆ ಏಟಾದ ಮಟ್ಟದಿಂದ ಕೆಳಗೆ. ಸಾಮಾನ್ಯವಾಗಿ ಏಟಾದ 3ರಿಂದ 12 ವಾರದೊಳಗೆ ಶುರು. ಮೊದಲ ಮಹಾಯುದ್ಧದಲ್ಲಿ ಗಾಯವಾಗಿ ಕಾಲು ಸ್ವಾಧೀನ ಕಳ್ಕೊಂಡ ಸೈನಿಕರಲ್ಲಿ ಇದನ್ನ ನೋಡಿ ಫ್ರಾನ್ಸಿನ ವೈದ್ಯೆ ಆಗಸ್ಟಾ ಡೆಜೆರಿನ್-ಕ್ಲುಂಪ್ಕೆ 1918ರಲ್ಲೇ ಬರೆದಿಟ್ಟಿದ್ರು.

ಇಲ್ಲೊಂದು ಮೋಸ ಇದೆ ನೋಡಿ. ಶುರುವಿನಲ್ಲಿ ಎಕ್ಸ್‌ರೇ ನಾರ್ಮಲ್ ಬರುತ್ತೆ, "ಏನಿಲ್ಲ ಬಿಡಿ" ಅಂದ್ಕೊಂಡು ಸುಮ್ನಾಗ್ತೀವಿ. ಆದ್ರೆ ಬೋನ್ ಸ್ಕ್ಯಾನ್ ಅಂತ ಮೂಳೆಯ ಚಟುವಟಿಕೆ ತೋರಿಸೋ ಪರೀಕ್ಷೆಯಲ್ಲಿ ವಾರಗಳ ಮೊದಲೇ ಕಾಣ್ಸುತ್ತೆ, ರಕ್ತದಲ್ಲಿ ಅಲ್ಕಲೈನ್ ಫಾಸ್ಫಟೇಸ್ ಅನ್ನೋ ಕಿಣ್ವ ಏರಿದ್ರೆ ಅದೂ ಒಂದು ಸುಳಿವು.

ಬೇಗ ಗೊತ್ತಾದ್ರೆ ಇಂಡೊಮೆಥಾಸಿನ್ ಥರದ ಉರಿಯೂತ ಇಳಿಸೋ ಮಾತ್ರೆ ಕೊಡ್ತಾರೆ, ಹೊಟ್ಟೆ ಕಿಡ್ನಿ ನೋಡ್ಕೊಂಡೇ ಕೊಡ್ಬೇಕು, ನೀವೇ ಮೆಡಿಕಲ್ ಶಾಪಿಂದ ತಗೋಬೇಡಿ. ವ್ಯಾಯಾಮ ಪೂರ್ತಿ ನಿಲ್ಸೋದೂ ತಪ್ಪು, ಫಿಸಿಯೋ ತೋರಿಸಿದಷ್ಟು ಮೆತ್ತಗೆ ಮಾಡಿಸಿ. ಯಾಕಂದ್ರೆ ಸೊಂಟ ಸರಿಯಾಗಿ ಮಡಚದಿದ್ರೆ ವೀಲ್‌ಚೇರಲ್ಲಿ ಮುಂದಕ್ಕೆ ಜಾರ್ತಾರೆ, ಇಲ್ಲಾ ಭಾರವೆಲ್ಲ ಒಂದೇ ಕುಂಡಿ ಮೇಲೆ ಬಿದ್ದು ಬೆಡ್‌ಸೋರ್ ಆಗುತ್ತೆ, ಬಟ್ಟೆ ಹಾಕ್ಸೋದೇ ಒಂದು ಯುದ್ಧ. ಕೀಲು ಅಷ್ಟು ಕಟ್ಕೊಂಡ್ರೆ ಆಪರೇಷನ್ ಇದೆ, ಮೂಳೆ ಬಲಿಯೋವರೆಗೂ ವರ್ಷ ಒಂದೂವರೆ ವರ್ಷ ಕಾಯೋದು ಹಳೇ ಪದ್ಧತಿ, ಈಗ ಕೆಲವು ಸರ್ಜನ್‌ಗಳು ಅದಕ್ಕಿಂತ ಮೊದಲೇ ತೆಗೀತಾರೆ. ರಕ್ತ ಜಾಸ್ತಿ ಹೋಗುತ್ತೆ, ಮತ್ತೆ ಬೆಳೆಯೋದೂ ಉಂಟು. ಎಷ್ಟೋ ಜನರಲ್ಲಿ ಮಾತ್ರ ಮೂಳೆ ಚಿಕ್ಕದಾಗೇ ನಿಂತು, ಕೂರೋಕೆ ಏಳೋಕೆ ಏನೂ ತೊಂದ್ರೆ ಕೊಡಲ್ಲ, ಅಂಥವರಿಗೆ ಕತ್ತಿ ಹಾಕೋದೇ ಬೇಕಿಲ್ಲ.